ಮೂರು ನಿಮಿಷದ ಈಜು ಪಾಠಕ್ಕೆ ಎಷ್ಟು ರೂಪಾಯಿ?

ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ಬೇಸಿಗೆ ಶಿಬಿರ ನಡೆಯುತ್ತಿದ್ದ ಈಜುಕೊಳದ ಮೆಟ್ಟಿಲ ಮೇಲೆ ಕೂತು, ಹಳದಿ ಟೊಪ್ಪಿಯ ಒಬ್ಬಳೇ ಹುಡುಗಿಯನ್ನು ಗಡಿಯಾರ ಹಿಡಿದು ನೋಡಿದೆ. ಉಳ್ಳಾಲದ ನಮ್ಮ ನೆರೆಮನೆಯ ಮಗು, ಆರು ವರ್ಷ. ತರಗತಿ 45 ನಿಮಿಷದ್ದು. ಮೈಕೈ ಸಡಿಲಿಸುವ ಕಸರತ್ತಿಗೆ 8 ನಿಮಿಷ ಹೋಯಿತು. ಕೊಳದ ಅಂಚಿನ ಕಂಬಿ ಹಿಡಿದು ಕಾಲು ಬಡಿದದ್ದು 19 ನಿಮಿಷ. ಸರದಿ ಕಾಯುತ್ತ ಹಲ್ಲು ಕಟಕಟಿಸಿದ್ದು 15 ನಿಮಿಷ 20 ಸೆಕೆಂಡ್. ಕೋಚ್ ಅವಳ ಹೊಟ್ಟೆಯಡಿ ಕೈಯಿಟ್ಟು, "ಮುಖ ನೀರಿಗೆ ಹಾಕು, ಗುಳ್ಳೆ ಬಿಡು" ಎಂದು ಹೇಳಿಕೊಟ್ಟದ್ದು 2 ನಿಮಿಷ 40 ಸೆಕೆಂಡ್.

ಕೋಚ್‌ನನ್ನು ದೂರಿ ಫಲವಿಲ್ಲ. ಅವರೊಬ್ಬರ ಕೈಗೆ 15 ಮಕ್ಕಳಿದ್ದರು. 45ನ್ನು 15ರಿಂದ ಭಾಗಿಸಿದರೆ ಬರುವುದೇ ಮೂರು ನಿಮಿಷ.

ಮಕ್ಕಳನ್ನು ಈಜಿಗೆ ಸೇರಿಸುವಾಗ ನಾವು ಮೊದಲು ಕೇಳುವುದು "ತಿಂಗಳಿಗೆ ಎಷ್ಟು?" ಎಂದು. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು "ಒಬ್ಬ ಕೋಚ್‌ಗೆ ಎಷ್ಟು ಮಕ್ಕಳು?" ಎಂದು. ಶುಲ್ಕ ಕೊಳದಿಂದ ಕೊಳಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹಾಗಾಗಿ ಇಲ್ಲಿ ಲೆಕ್ಕಕ್ಕೆ ಮಾತ್ರ ಮೂರು ದರ ಇಟ್ಟುಕೊಳ್ಳೋಣ. ನಿಮಗೆ ಕೌಂಟರಿನಲ್ಲಿ ಹೇಳಿದ ದರವನ್ನು ಅದೇ ಜಾಗಕ್ಕೆ ಹಾಕಿಕೊಳ್ಳಿ.

ದೊಡ್ಡ ಬ್ಯಾಚ್: 21 ದಿನ, ದಿನಕ್ಕೆ 45 ನಿಮಿಷ, 15 ಮಕ್ಕಳು, 3,000 ರೂಪಾಯಿ. ಇಡೀ ಶಿಬಿರದಲ್ಲಿ ನಿಮ್ಮ ಮಗುವಿನ ಪಾಲಿಗೆ ಬರುವ ಕೋಚ್‌ನ ಗಮನ 63 ನಿಮಿಷ. ನಿಮಿಷಕ್ಕೆ ಸುಮಾರು 48 ರೂಪಾಯಿ ಬಿತ್ತು. ಸಣ್ಣ ಬ್ಯಾಚ್: ಅಷ್ಟೇ ದಿನ, ಅಷ್ಟೇ ಹೊತ್ತು, 5 ಮಕ್ಕಳು, 6,000 ರೂಪಾಯಿ. ಪಾಲಿಗೆ 189 ನಿಮಿಷ, ನಿಮಿಷಕ್ಕೆ 32 ರೂಪಾಯಿ. ಒಬ್ಬೊಬ್ಬರಿಗೇ ಪಾಠ: ಅರ್ಧ ಗಂಟೆಯ 12 ತರಗತಿ, 12,000 ರೂಪಾಯಿ. 360 ನಿಮಿಷ, ನಿಮಿಷಕ್ಕೆ 33 ರೂಪಾಯಿ. ಅಗ್ಗವೆಂದು ಕಂಡದ್ದೇ ಎಲ್ಲಕ್ಕಿಂತ ದುಬಾರಿ.

ಹಾಗಂತ ಜೇಬು ಗಟ್ಟಿಯಿದ್ದವರೆಲ್ಲ ಒಬ್ಬರಿಗೇ ಪಾಠ ಹಿಡಿಯಬೇಕೆಂದೂ ಅಲ್ಲ. ಆರು ವರ್ಷದ ಮಗು ಕೋಚ್‌ನನ್ನು ನೋಡಿ ಕಲಿಯುವುದಕ್ಕಿಂತ ಪಕ್ಕದ ಮಗುವನ್ನು ನೋಡಿ ಕಲಿಯುವುದೇ ಹೆಚ್ಚು. "ಅವನು ಮುಖ ಮುಳುಗಿಸಿದ, ನಾನೂ" ಎನ್ನುವ ಹಠಕ್ಕೆ ಬೆಲೆ ಕಟ್ಟಲಾಗದು. ನೀರೆಂದರೆ ಅಳುವ ಮಗುವಾದರೆ, ಮೊದಲ ನಾಲ್ಕೈದು ದಿನ ಒಬ್ಬರಿಗೇ ಪಾಠ, ಆಮೇಲೆ ಸಣ್ಣ ಬ್ಯಾಚ್. ಹೆದರಿಕೆಯಿದ್ದವರು ಕಲಿಯುವುದಿಲ್ಲ ಎಂದುಕೊಳ್ಳಬೇಡಿ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದ ಬೆಂಗಳೂರಿನ ನಿಶಾ ಮಿಲೆಟ್ ಚಿಕ್ಕಂದಿನಲ್ಲಿ ನೀರಿನಲ್ಲಿ ಮುಳುಗಿ ಬದುಕಿದವರು.

ಉಳ್ಳಾಲದವರ ಲೆಕ್ಕದಲ್ಲಿ ಇನ್ನೊಂದು ಬಾಬ್ತು ಉಂಟು: ನೇತ್ರಾವತಿ ಸೇತುವೆ. ಮಂಗಳೂರು ನಗರದಲ್ಲಿ ಸಾರ್ವಜನಿಕ ಕೊಳ ಎಂದರೆ ಲೇಡಿಹಿಲ್ ಬಳಿಯ ಪಾಲಿಕೆಯ ಮಂಗಳಾ ಈಜುಕೊಳ. ಆಮೇಲೆ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಸುಮಾರು 25 ಕೋಟಿ ರೂಪಾಯಿಗೆ ಕಟ್ಟಿ 2023ರ ನವೆಂಬರ್‌ನಲ್ಲಿ ತೆರೆದ ಎಮ್ಮೆಕೆರೆಯ ಕೊಳ. ಅಲ್ಲಿ 50 ಮೀಟರಿನದ್ದಲ್ಲದೆ ಮಕ್ಕಳಿಗೆಂದೇ ಬೇರೆ ಕೊಳವೂ ಉಂಟು. ಎರಡೂ ಸೇತುವೆಯ ಆಚೆ. ಹತ್ತಿರದ್ದನ್ನೇ ಹಿಡಿದು ಹೋಗಿಬರಲು 20 ಕಿ.ಮೀ. ಎನ್ನಿ. 21 ದಿನಕ್ಕೆ 420 ಕಿ.ಮೀ.; ಲೀಟರಿಗೆ 45 ಕೊಡುವ ಸ್ಕೂಟರಿಗೆ ಒಂಬತ್ತೂ ಕಾಲು ಲೀಟರಿನ ಮೇಲೆ ಪೆಟ್ರೋಲ್. ಸಾವಿರದ ಹತ್ತಿರ ಹತ್ತಿರ ಬಂತು. ಅದು ಹೋಗಲಿ. ತೊಕ್ಕೊಟ್ಟು, ಪಂಪ್‌ವೆಲ್ ದಟ್ಟಣೆ ದಾಟಿ ಹೋಗಿಬರಲು ದಿನಕ್ಕೆ 50 ನಿಮಿಷವಾದರೂ ರಸ್ತೆಯ ಮೇಲೆ ಕಳೆದದ್ದು 17 ಗಂಟೆ 30 ನಿಮಿಷ. ತರಗತಿಯಲ್ಲಿ ಕಳೆದದ್ದು 15 ಗಂಟೆ 45 ನಿಮಿಷ. ಮಗು ಈಜಿದ್ದಕ್ಕಿಂತ ಸ್ಕೂಟರಿನ ಹಿಂದೆ ಕೂತದ್ದೇ ಜಾಸ್ತಿ ಮಾರಾಯ್ರೆ! ದೇರಳಕಟ್ಟೆ, ಕೊಣಾಜೆ ಕಡೆ ಸಣ್ಣದೊಂದು ಕೊಳ ಸಿಕ್ಕಿ, ಅಲ್ಲಿ ಒಳ್ಳೆಯ ಕೋಚ್ ಇದ್ದರೆ, ಸಾವಿರ ರೂಪಾಯಿ ಹೆಚ್ಚಾದರೂ ಕೊಡಬಹುದು. 50 ಮೀಟರಿನ ಕೊಳದಿಂದ ಕಲಿಯುವ ಮಗುವಿಗೆ ಆಗಬೇಕಾದದ್ದು ಏನೂ ಇಲ್ಲ.

ಮಗುವಿಗೆ ಬೇಕಾದ ಅಳತೆ ಬೇರೆ. ಆರು ವರ್ಷದ ಮಗು ಸುಮಾರು 115 ಸೆಂ.ಮೀ. ಎತ್ತರ. ನಾಲ್ಕು ಅಡಿ ನೀರೆಂದರೆ 122 ಸೆಂ.ಮೀ. "ನಾಲ್ಕೇ ಅಡಿ, ಹೆದರ್ಬೇಡಿ" ಎಂದು ದೊಡ್ಡವರು ಹೇಳುವ ಜಾಗದಲ್ಲಿ ಮಗುವಿನ ನೆತ್ತಿಯೂ ಕಾಣದು. ಎರಡೂವರೆ ಅಡಿಯಲ್ಲಿ ಶುರುಮಾಡುವ ಕೊಳ ಹುಡುಕಿ.

ಯಾವ ವಯಸ್ಸಿಗೆ? ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ನಾಲ್ಕು ವರ್ಷಕ್ಕೆ ಹೆಚ್ಚಿನ ಮಕ್ಕಳು ಪಾಠಕ್ಕೆ ತಯಾರು ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಆರು ದಾಟಿದವರಿಗೆಲ್ಲ ಈಜು ಮತ್ತು ನೀರಿನ ಎಚ್ಚರ ಕಲಿಸಿ ಎನ್ನುತ್ತದೆ. ಆ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ನಮ್ಮ ದೇಶದ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ 38 ಸಾವಿರಕ್ಕೂ ಹೆಚ್ಚು, ದಿನಕ್ಕೆ ನೂರರ ಮೇಲೆ.

ಏನು ಕಲಿತರೆ ಕಲಿತಂತೆ? ಇದಕ್ಕೆ ಉತ್ತರ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಉಂಟು. ಅಲ್ಲಿ 'ಸ್ವಿಮ್‌ಸೇಫ್' ಎಂಬ ಕಾರ್ಯಕ್ರಮದಲ್ಲಿ ಊರ ಕೆರೆಗೇ ಬಿದಿರಿನ ಅಟ್ಟಳಿಗೆ ಇಳಿಸಿ, 4ರಿಂದ 12 ವರ್ಷದ ಮಕ್ಕಳಿಗೆ 21 ಪಾಠ ಹೇಳಿಕೊಟ್ಟರು. ಪಾಸಾಗಲು 25 ಮೀಟರ್ ಈಜಬೇಕು, 30 ಸೆಕೆಂಡ್ ತೇಲಬೇಕು. ಮುಳುಗುವವರನ್ನು ದಡದಿಂದಲೇ ಕೋಲೋ ಹಗ್ಗವೋ ಚಾಚಿ ಎಳೆಯುವುದೂ ಪಾಠದಲ್ಲಿತ್ತು. ಪಾಠ ಮುಗಿಸಿದ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ 90 ಪ್ರತಿಶತಕ್ಕೂ ಮಿಗಿಲಾಗಿ ಇಳಿದದ್ದನ್ನು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್ ಎಂದು ಹೆಸರಿಟ್ಟು ಹಂತಹಂತವಾಗಿ ಶುಲ್ಕ ಕೇಳುವವರ ಬಳಿ ನಾನು ಕೇಳುವುದು ಇದನ್ನೇ: ತೇಲುವುದನ್ನು ಎಷ್ಟನೆಯ ದಿನ ಕಲಿಸುತ್ತೀರಿ?

ದಡದಿಂದ ಎಳೆಯುವ ಪಾಠ ಎಂಥ ಮುಖ್ಯವೆಂದು ನಮ್ಮೂರಿಗೆ ಗೊತ್ತಾದದ್ದು 2024ರ ನವೆಂಬರ್ 17ರಂದು. ಸೋಮೇಶ್ವರ–ಉಚ್ಚಿಲದ ಕಡಲದಂಡೆಯ ಒಂದು ರೆಸಾರ್ಟಿನ ಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ತೀರಿಕೊಂಡರು. ಒಬ್ಬಾಕೆ ಆಳದ ಕಡೆಗೆ ಹೋದಾಗ ಇನ್ನೊಬ್ಬಾಕೆ ಹಿಡಿಯಲು ಹೋದಳು, ಅವರಿಬ್ಬರಿಗಾಗಿ ಮೂರನೆಯಾಕೆ. ಆಳದ ಕಡೆಯಲ್ಲಿ ಆರು ಅಡಿಯಷ್ಟು ನೀರು.

ಕಡಲ ಮಾತು ಬೇರೆಯೇ. ಈಗಷ್ಟೇ ಕಲಿತ ಮಗು 25 ಮೀಟರ್ ಈಜಲು 50 ಸೆಕೆಂಡ್ ತೆಗೆದುಕೊಂಡರೆ ವೇಗ ಸೆಕೆಂಡಿಗೆ ಅರ್ಧ ಮೀಟರ್. ದಡದಿಂದ ಒಳಕ್ಕೆ ಎಳೆಯುವ ಸೆಳೆತದ ಸಾಮಾನ್ಯ ವೇಗವೂ ಹೆಚ್ಚುಕಡಿಮೆ ಅಷ್ಟೇ. ಕೈಕಾಲು ಬಡಿದಷ್ಟೂ ಮಗು ಇದ್ದಲ್ಲೇ ಇರುತ್ತದೆ, ದಣಿಯುತ್ತದೆ. ಸೆಳೆತ ಜೋರಾದಾಗ ಸೆಕೆಂಡಿಗೆ ಎರಡು ಮೀಟರ್ ದಾಟುವುದುಂಟು, ಆಗ ಒಲಿಂಪಿಕ್ ಈಜುಗಾರರಿಗೂ ಕಷ್ಟ. ಎದುರಿಗೆ ಈಜದೆ ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. ಮೊಗವೀರಪಟ್ನದ ಮೀನುಗಾರ ಹಿರಿಯರಿಗೆ ಇದನ್ನು ಯಾವ ಕೋಚ್ ಕೂಡ ಹೇಳಿಕೊಡಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳೇ ಕಡಲಿಗಿಳಿಯದ ಕರಾವಳಿ ಇದು. ಸೋಮೇಶ್ವರದ ಅಲೆಯಲ್ಲಿ ಮಕ್ಕಳಿಗೆ ಈಜು ಕಲಿಸುವ ಯೋಚನೆ ಯಾವ ತಿಂಗಳಲ್ಲೂ ಬೇಡ.

ಹಿಂದೆ ಶುಲ್ಕವೇ ಇರಲಿಲ್ಲ. ಸಿಪ್ಪೆ ಸಮೇತ ಒಣಗಿದ ಎರಡು ತೆಂಗಿನಕಾಯಿ ಜೋಡಿಸಿ ಕಟ್ಟಿ, ಎದೆಯಡಿ ಕೊಟ್ಟು, ತೋಟದ ಕೆರೆಗೆ ಇಳಿಸುತ್ತಿದ್ದರು. ಪಕ್ಕದಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ಮಾವನೋ ದೊಡ್ಡಪ್ಪನೋ ನಿಂತಿರುತ್ತಿದ್ದರು. ಒಬ್ಬ ಕೋಚ್, ಒಂದು ಮಗು. ಆ ಅನುಪಾತವನ್ನೇ ಈಗ ದುಡ್ಡು ಕೊಟ್ಟು ಕೊಳ್ಳುತ್ತಿದ್ದೇವೆ. ತೋಳಿಗೆ ಕಟ್ಟುವ ಗಾಳಿ ತುಂಬಿದ ಪಟ್ಟಿ ಮಾತ್ರ ನನಗೆ ಸೇರದು; ಅದು ಮಗುವನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸುತ್ತದೆ, ಈಜಿಗೆ ಬೇಕಾದದ್ದು ಅಡ್ಡ ಮಲಗುವುದು.

ಹಳದಿ ಟೊಪ್ಪಿಯ ಹುಡುಗಿಯ ಶಿಬಿರ ಮೊನ್ನೆ ಮುಗಿಯಿತು. ಕೊನೆಯ ದಿನ ಅಂಗಾತ ಮಲಗಿ ಕಿವಿ ನೀರಿಗಿಳಿಸಿ ತೇಲಿದಳು. ನಾನು ಎಣಿಸಿದೆ, 11 ಸೆಕೆಂಡ್. "ಕಲಿತಾಯ್ತಲ್ಲ ಸರ್?" ಎಂದು ಅವಳಮ್ಮ ಕೇಳಿದರು. "ಇನ್ನು 19 ಬಾಕಿ ಉಂಟು" ಎಂದೆ. ಮಳೆ ಕಳೆದ ಮೇಲೆ, ಐದು ಮಕ್ಕಳ ಬ್ಯಾಚ್ ಎಲ್ಲಿದೆ ವಿಚಾರಿಸುತ್ತಿದ್ದಾರೆ.