ಮೀನುಗಾರಿಕೆಯ ಸಣ್ಣ ದೋಣಿಗೆ ಹೊಸ ವಯರ್‌ಲೆಸ್ ಯಂತ್ರ
(ವ್ಯವಸಾಯ ಇನ್‌ಸ್ಪೆಕ್ಟರರೊಬ್ಬರು, ಎಲ್. ಎಜಿ., ಬರೆದುದು)

ಕರಾವಳಿಯ ಗ್ರಾಮಗಳಲ್ಲಿ ಗದ್ದೆ ತೋಟಗಳ ಸಂಗಡ ಒಂದೆರಡು ದೋಣಿಗಳನ್ನೂ ಇಟ್ಟುಕೊಂಡಿರುವ ಭೂಮಾಲಿಕರು ಹಲವರುಂಟು. ಜೂನ್ ೧ರಿಂದ ಜುಲೈ ೩೧ರ ವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಹಲಗೆ, ಎಂಜಿನ್, ಬಲೆ ಮುಂತಾದವುಗಳ ದುರಸ್ತು ನಡೆಯುವುದು ಆ ಎರಡು ತಿಂಗಳುಗಳಲ್ಲಿಯೇ. ಆದರೆ ವಯರ್‌ಲೆಸ್ ಯಂತ್ರದ ಕಡೆಗೆ ಲಕ್ಷ್ಯ ಕೊಡುವವರು ವಿರಳ.

೨೦೧೮ನೆಯ ಡಿಸೆಂಬರಿನಲ್ಲಿ ಏಳು ಮಂದಿಯೊಡನೆ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿಯು ಕಣ್ಮರೆಯಾಗಿ, ಅದರ ಅವಶೇಷವು ೨೦೧೯ನೆಯ ಮೇ ತಿಂಗಳಲ್ಲಿ ಮಾಲ್ವಣದಾಚೆಯ ಸಮುದ್ರತಳದಲ್ಲಿ ನೌಕಾಪಡೆಗೆ ದೊರೆಯಿತು. ಆ ದುರಂತದ ಕಾರಣವನ್ನು ಚರ್ಚಿಸುವುದು ಈ ಲೇಖನದ ಉದ್ದೇಶವಲ್ಲ. ಕಡಲಿನಲ್ಲಿ ದೋಣಿಯೊಂದು ಮೌನವಾದರೆ ಹುಡುಕುವವರಿಗೆ ದಿಕ್ಕೇ ತೋಚದೆಂಬುದನ್ನು ಮಾತ್ರ ಮನಗಾಣತಕ್ಕದ್ದು.

ಕೊಳ್ಳುವ ಮೊದಲು ಪರೀಕ್ಷೆ.— ಹಳೆಯ ಯಂತ್ರವು ಕೆಟ್ಟಿತೆಂದು ಹೇಳುವವರು ಅನೇಕ ವೇಳೆ ತಂತಿಯ ದೋಷವನ್ನು ಯಂತ್ರದ ಮೇಲೆ ಹೊರಿಸುತ್ತಾರೆ. ಮಾತು ಚೆನ್ನಾಗಿ ಕೇಳಿಸಿ, ತಾನು ಮಾತನಾಡಲು ಗುಂಡಿಯೊತ್ತಿದೊಡನೆ ಯಂತ್ರವು ಆರಿಹೋದರೆ, ಮೊದಲು ಬ್ಯಾಟರಿಯನ್ನೂ ತಂತಿಯನ್ನೂ ನೋಡತಕ್ಕದ್ದು. ಏತಕ್ಕೆಂದರೆ, ಕೇಳುವಾಗ ಒಂದು ಆಂಪಿಯರಿಗೂ ಕಡಮೆ ವಿದ್ಯುತ್ತು ಸಾಕು. ೨೫ ವಾಟ್ ಶಕ್ತಿಯಿಂದ ಮಾತನಾಡುವಾಗ ಐದಾರು ಆಂಪಿಯರು ಬೇಕು. ಕಿಲುಬು ಹಿಡಿದ ಸಂದು ಅಷ್ಟನ್ನು ಸಾಗಿಸಲಾರದು. ಏರಿಯಲ್ಲಿನ ಕೇಬಲಿನೊಳಕ್ಕೆ ಉಪ್ಪುನೀರು ಸೇರಿ ತಾಮ್ರವು ಕಪ್ಪಾಗಿದ್ದರೆ ಕೇಬಲನ್ನು ಬದಲಿಸದೆ ಗತಿಯಿಲ್ಲ; ಅದಕ್ಕೆ ಹೊಸ ಯಂತ್ರವನ್ನು ಸೇರಿಸಿದರೂ ಹಣ ನಷ್ಟವೇ ಸರಿ.

ಯಾವ ಬಗೆಯದು?— ದೋಣಿಗಳಲ್ಲಿ ಉಪಯೋಗಿಸುವುದು ಸಾಧಾರಣವಾಗಿ ವಿ.ಎಚ್.ಎಫ್. ಯಂತ್ರವು. ಕೈಯಲ್ಲಿ ಹಿಡಿಯುವ ಯಂತ್ರದ ಶಕ್ತಿ ೫ ಅಥವಾ ೬ ವಾಟ್. ದೋಣಿಯಲ್ಲಿ ನೆಲೆಯಾಗಿ ಕೂರಿಸುವುದರದು ೨೫ ವಾಟ್. ಬ್ಯಾಟರಿಯಿಲ್ಲದ ತೆರೆದ ನಾಡದೋಣಿಗೆ ಕೈಯಂತ್ರವೇ ಗತಿ. ಅದು ‘ಐ.ಪಿ.ಎಕ್ಸ್. ೭’ ಗುರುತುಳ್ಳದ್ದಾಗಿರಬೇಕು; ಅಂದರೆ ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದಂಥದು. ನೀರಿನಲ್ಲಿ ತೇಲುವಂಥದಾದರೆ ಮತ್ತೂ ಲೇಸು. ಕೋಣೆಯೂ ೧೨ ವೋಲ್ಟಿನ ಬ್ಯಾಟರಿಯೂ ಇರುವ ದೋಣಿಗೆ ನೆಲೆಯಂತ್ರವೇ ಯೋಗ್ಯ. ಬ್ಯಾಟರಿಯು ನೀರಿನಲ್ಲಿ ಮುಳುಗಿದಾಗ ಉಪಯೋಗಕ್ಕೆ ಬರುವಂತೆ ಕೈಯಂತ್ರವೊಂದು ಸಂಗಡವಿರಲಿ. ನೆಲೆಯಂತ್ರವನ್ನು ದಿಕ್ಸೂಚಿಯಿಂದ ಮೂರಡಿಗೂ ಹೆಚ್ಚು ದೂರದಲ್ಲಿ ಕೂರಿಸಬೇಕು. ಅದರ ಧ್ವನಿವರ್ಧಕದ ಆಯಸ್ಕಾಂತವು ಮುಳ್ಳನ್ನು ತಪ್ಪು ದಿಕ್ಕಿಗೆ ಎಳೆಯುವುದುಂಟು.

ಏರಿಯಲ್ಲಿನ ಎತ್ತರ.— ಈ ಅಲೆಗಳು ಬಹುಮಟ್ಟಿಗೆ ದೃಷ್ಟಿಯಂತೆ ನೇರವಾಗಿ ಹೋಗತಕ್ಕವು. ಭೂಮಿಯ ಉಬ್ಬು ಅವನ್ನು ಮರೆಮಾಡುತ್ತದೆ. ಏರಿಯಲ್ಲುಗಳು ೪ ಅಡಿ ಎತ್ತರದಲ್ಲಿರುವ ಎರಡು ದೋಣಿಗಳಿಗೆ ಸುಮಾರು ೫ ನಾಟಿಕಲ್ ಮೈಲು, ೧೬ ಅಡಿಯಲ್ಲಿದ್ದರೆ ಸುಮಾರು ೧೦ ಮೈಲು ಮಾತು ಸಾಗುವುದು. ಆದುದರಿಂದ ಹೆಚ್ಚು ವಾಟಿಗಾಗಿ ವ್ಯಯಿಸುವ ಹಣಕ್ಕಿಂತ ಎತ್ತರದ ಕಂಬಕ್ಕೂ ಒಳ್ಳೆಯ ಕೇಬಲಿಗೂ ವ್ಯಯಿಸುವುದು ಫಲಕಾರಿ. ಹೊಯ್ದಾಡುವ ಸಣ್ಣ ದೋಣಿಗೆ ೬ ಡೆಸಿಬೆಲ್ಲಿನದಕ್ಕಿಂತ ೩ ಡೆಸಿಬೆಲ್ಲಿನ ಏರಿಯಲ್ಲೇ ವಾಸಿ. ದೋಣಿ ವಾಲಿದಾಗಲೂ ಅದರ ಅಲೆಯು ಆಕಾಶಕ್ಕೋ ನೀರಿಗೋ ಹೋಗಿ ವ್ಯರ್ಥವಾಗುವುದು ಕಡಮೆ.

ಕೆಂಪು ಗುಂಡಿ.— ‘ಡಿ.ಎಸ್.ಸಿ.’ ಸೌಕರ್ಯವೂ ಜಿ.ಪಿ.ಎಸ್.ಸಂಬಂಧವೂ ಇರುವ ಯಂತ್ರವನ್ನೇ ಆರಿಸತಕ್ಕದ್ದು. ಅದರ ಕೆಂಪು ಗುಂಡಿಯನ್ನು ಕೆಲವು ಸೆಕೆಂಡು ಅದುಮಿದರೆ, ದೋಣಿಯ ಸಂಖ್ಯೆಯೂ ಇರುವ ಸ್ಥಳವೂ ೭೦ನೆಯ ಚಾನೆಲ್ಲಿನಲ್ಲಿ ತಾವಾಗಿಯೇ ಹೋಗುವುವು. ‘ಎಂ.ಎಂ.ಎಸ್.ಐ.’ ಎಂಬ ಒಂಬತ್ತು ಅಂಕೆಗಳ ಈ ಸಂಖ್ಯೆಯು ಭಾರತದ ದೋಣಿಗಳಿಗೆ ೪೧೯ರಿಂದ ಆರಂಭವಾಗುತ್ತದೆ. ಸಂಖ್ಯೆಯನ್ನು ತುಂಬದಿದ್ದರೆ ಗುಂಡಿಯು ಬರಿಯ ಅಲಂಕಾರ. ಸಂಖ್ಯೆಯು ದೋಣಿಗೆ ಸೇರಿದುದು, ಯಂತ್ರಕ್ಕಲ್ಲ. ಆದುದರಿಂದ ಹಳೆಯ ಯಂತ್ರವನ್ನು ಅದರಲ್ಲಿ ಸಂಖ್ಯೆಯನ್ನು ಉಳಿಸಿಕೊಂಡೇ ಪರರಿಗೆ ಮಾರಕೂಡದು. ಪರೀಕ್ಷೆಗೆಂದು ಈ ಗುಂಡಿಯನ್ನು ಎಂದಿಗೂ ಒತ್ತಬಾರದು. ಯಂತ್ರವನ್ನು ಇಡುವುದಕ್ಕೆ ಕೇಂದ್ರದ ದೂರಸಂಪರ್ಕ ಇಲಾಖೆಯ ಅನುಮತಿ ಅವಶ್ಯಕ. ಅದಿಲ್ಲದೆ ಕಡಮೆ ಬೆಲೆಗೆ ದೊರೆಯುವ ಯಂತ್ರಗಳಿಗೆ ಮರುಳಾಗಬಾರದು.

ದೂರದ ಮೀನುಗಾರಿಕೆ.— ವಿ.ಎಚ್.ಎಫ್. ಮುಟ್ಟದ ದೂರಕ್ಕೆ ಹೋಗುವವರು ಇಸ್ರೋ ಸಂಸ್ಥೆಯು ನಿರ್ಮಿಸಿದ ವಿಪತ್‌ಸೂಚಕ ಯಂತ್ರವನ್ನೂ ಇಟ್ಟುಕೊಳ್ಳತಕ್ಕದ್ದು. ಇದು ಉಪಗ್ರಹದ ಮೂಲಕ ಕರೆಯನ್ನು ಮುಟ್ಟಿಸುವುದು. ಎರಡನೆಯ ತಲೆಮಾರಿನದರಲ್ಲಿ ಕರೆ ತಲುಪಿತೆಂಬ ಉತ್ತರವೂ ಹಿಂದಿರುಗಿ ಬರುತ್ತದೆ.

ಯಂತ್ರವಿದ್ದರೂ ಅದನ್ನು ಬಲ್ಲವನು ತಾಂಡೇಲನೊಬ್ಬನೇ ಆದರೆ ಪ್ರಯೋಜನವಿಲ್ಲ. ೧೬ನೆಯ ಚಾನೆಲ್ಲು ಕರೆಗೂ ಆಪತ್ತಿಗೂ ಮೀಸಲು. ಅಲ್ಲಿ ಹರಟೆ ಸಲ್ಲದು. ಅಪಾಯದಲ್ಲಿ ‘ಮೇಡೇ’ ಎಂದು ಮೂರು ಸಲ ಕೂಗಿ, ದೋಣಿಯ ಹೆಸರು, ಇರುವ ಸ್ಥಳ, ಒದಗಿದ ಆಪತ್ತು, ಜನರ ಸಂಖ್ಯೆ ಇವನ್ನು ಕ್ರಮವಾಗಿ ಹೇಳುವುದನ್ನು ಪ್ರತಿಯೊಬ್ಬ ಆಳಿಗೂ ಕಲಿಸಬೇಕು. ದಡದಲ್ಲಿರುವವರು ಕರಾವಳಿ ರಕ್ಷಣಾ ಪಡೆಯ ೧೫೫೪ ಎಂಬ ದೂರವಾಣಿ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡತಕ್ಕದ್ದು.

ಗ್ರಾಮದ ಮುಖ್ಯಸ್ಥರೂ ಗುರಿಕಾರರೂ ಆಗಸ್ಟ್ ೧ಕ್ಕೆ ಮುಂಚೆ ತಮ್ಮ ಊರಿನ ದೋಣಿಗಳನ್ನು ಬಂದರಿನಲ್ಲಿ ಸೇರಿಸಿ, ಒಂದರಿಂದ ಒಂದಕ್ಕೆ ಮಾತನಾಡಿಸಿ ನೋಡುವ ಏರ್ಪಾಡು ಮಾಡಿದರೆ ಬಹು ಉಪಕಾರವಾಗುವುದು. ಕೇಳಿಸದ ಯಂತ್ರವು ಅಲ್ಲಿಯೇ ಗೊತ್ತಾಗಲಿ. ಕಡಲಿನ ನಡುವೆ ಗೊತ್ತಾಗುವುದು ಬೇಡ.