ಆರೋಗ್ಯದ ಬಗ್ಗೆ ಬರೆಯುವ ಮುನ್ನ



ರಾತ್ರಿ ಹೊತ್ತು ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಈಗ ಮಕ್ಕಳು ಮೊದಲು ಮೊಬೈಲ್ ನೋಡುತ್ತಾರೆ. ಅಲ್ಲಿ ಸಿಗುವ ಕನ್ನಡ ಮಾಹಿತಿಯಲ್ಲಿ ವಿಕಿಪೀಡಿಯವೂ ಒಂದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಸ್ವಯಂಸೇವಕರೇ ಬರೆಯುವ ವಿಶ್ವಕೋಶ. ಸಂಬಳ ಕೊಡುವುದಿಲ್ಲ, ಪದವಿ ಕೇಳುವುದಿಲ್ಲ. ನಮ್ಮ ಗೋವಿನಕೋವಿಯ ಕಾಲೇಜು ಹುಡುಗಿಯೂ ಬರೆಯಬಹುದು. ಆದರೆ ಆರೋಗ್ಯದ ಲೇಖನದಲ್ಲಿ ಒಂದು ಸಾಲು ತಪ್ಪಿದರೆ ಓದಿದವರ ಜೀವಕ್ಕೇ ಕುತ್ತು. ಆದ್ದರಿಂದ ಹೊಸಬರಿಗೆ ನಾವು ಮೊದಲು ಕಲಿಸಬೇಕಾದ ಪ್ರಶ್ನೆ ಒಂದೇ: "ಇದು ನನಗೆ ಹೇಗೆ ಗೊತ್ತು?"

ಪಕ್ಕದ ಶಿವಮೊಗ್ಗ ಜಿಲ್ಲೆಯ ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳೋಣ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಇದನ್ನು ಗುರುತಿಸಿದ್ದು 1957ರಲ್ಲಿ. ಇದು ಹೆಚ್ಚಾಗಿ ಬರುವುದು ವೈರಾಣು ಇರುವ ಉಣುಗು ಕಚ್ಚಿದಾಗ. ಕಾಯಿಲೆಯಾದ ಅಥವಾ ಸತ್ತ ಮಂಗವನ್ನು ಮುಟ್ಟುವುದೂ ಅಪಾಯ. ಆದರೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಇದನ್ನೇ "ಅಂಟುರೋಗ" ಅಂತ ಬರೆದುಬಿಟ್ಟರೆ ರೋಗಿಯ ಮನೆಗೆ ನೆರೆಯವರು ಕಾಲಿಡುವುದಿಲ್ಲ. ಹಳೆಯ ಪುಸ್ತಕ ನೋಡಿ "ಲಸಿಕೆ ಹಾಕಿಸಿಕೊಳ್ಳಬಹುದು" ಎಂದರೂ ತಪ್ಪೇ. ಬಹುಕಾಲ ಕೊಡುತ್ತಿದ್ದ ಆ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು.

ಹೊಸಬರಿಗೆ ದಾರಿ ತೋರುವವರು ಈ ವಿಷಯಗಳನ್ನು ಗಮನಿಸಬೇಕು:

1. ಮೂಲ ನೋಡಿಸಿ: ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಸರ್ಕಾರದ ಆರೋಗ್ಯ ಇಲಾಖೆಗಳ ಮಾರ್ಗಸೂಚಿ, ಹೊಸ ಮುದ್ರಣದ ವೈದ್ಯಕೀಯ ಪಠ್ಯಪುಸ್ತಕ, ಅನೇಕ ಸಂಶೋಧನೆಗಳನ್ನು ಒಟ್ಟಿಗೆ ತೂಗಿ ಬರೆದ ಲೇಖನ – ಇವು ಒಳ್ಳೆಯ ಆಧಾರ. ಯಾವುದೋ ಒಂದು ಸಣ್ಣ ಅಧ್ಯಯನ, ಜಾಹೀರಾತು, ವಾಟ್ಸಾಪ್ ಸಂದೇಶ ಸಾಲದು. ಪ್ರತಿ ಮುಖ್ಯ ಮಾತಿಗೂ ಉಲ್ಲೇಖ ಕೊಡಿಸಿ.

2. ಸಣ್ಣ ಕೆಲಸದಿಂದ ಆರಂಭಿಸಿ: ಮೊದಲ ದಿನವೇ ಕ್ಯಾನ್ಸರ್ ಬಗ್ಗೆ ಇಡೀ ಲೇಖನ ಬೇಡ. ಕಾಗುಣಿತ ತಿದ್ದಲಿ, ಇರುವ ಲೇಖನಕ್ಕೆ ಒಂದು ಉಲ್ಲೇಖ ಸೇರಿಸಲಿ. ಹೊಸದನ್ನು ತಮ್ಮ ಪ್ರಯೋಗಪುಟದಲ್ಲಿ ಬರೆದು ತೋರಿಸಲಿ.

3. ಯಂತ್ರದ ಅನುವಾದವನ್ನು ಹಾಗೇ ಹಾಕಬಾರದು: ಉಣುಗಿಗೂ ಸರಿ ಗುರುತಿಗೂ ಇಂಗ್ಲಿಷಿನಲ್ಲಿ 'ಟಿಕ್' ಎಂಬ ಒಂದೇ ಪದ. ಯಂತ್ರಕ್ಕೆ ವ್ಯತ್ಯಾಸ ತಿಳಿಯದೇ ಹೋಗಬಹುದು. ಪಾರ್ಶ್ವವಾಯು ಎಂದು ಬರೆಯುವಾಗ ಜನ ಹೇಳುವ 'ಲಕ್ವ' ಎಂಬ ಮಾತೂ ಇರಲಿ. ಬರೆದದ್ದನ್ನು ಊರಿನ ಆಶಾ ಕಾರ್ಯಕರ್ತೆಗೆ ಓದಿ ಹೇಳಿದರೆ ಅರ್ಥವಾಗುತ್ತದೋ ಇಲ್ಲವೋ ತಿಳಿಯುತ್ತದೆ.

4. ವೈದ್ಯರಂತೆ ಸಲಹೆ ಬೇಡ: "ಈ ಮಾತ್ರೆ ದಿನಕ್ಕೆ ಎರಡು ತಗೊಳ್ಳಿ" ಎಂದು ಬರೆಯುವುದು ವಿಶ್ವಕೋಶದ ಕೆಲಸವಲ್ಲ. ಪರಿಚಯದ ರೋಗಿಯ ಹೆಸರು, ಫೋಟೋ ಹಾಕಲೇಬಾರದು.

5. ತಿದ್ದಿದರೆ ಕಾರಣ ಹೇಳಿ: ಹೊಸಬರು ಬರೆದದ್ದನ್ನು ಅಳಿಸಿ ಸುಮ್ಮನಾದರೆ ಅವರು ಮತ್ತೆ ಈ ಕಡೆ ಬರುವುದಿಲ್ಲ. ಚರ್ಚೆ ಪುಟದಲ್ಲಿ ಎರಡು ಸಾಲು ಬರೆಯಿರಿ: ಏನು ಚೆನ್ನಾಗಿದೆ, ಯಾವುದಕ್ಕೆ ಆಧಾರ ಬೇಕು ಎಂದು. ಹಳೆಯ ಪ್ರತಿಗಳೆಲ್ಲ 'ಇತಿಹಾಸ'ದಲ್ಲಿ ಇರುತ್ತವೆ, ಆದ್ದರಿಂದ ಮಾಡಿದ ಕೆಲಸ ಹಾಳಾಗಿಲ್ಲ ಎಂದೂ ತಿಳಿಸಿ.

ಇಂಗ್ಲಿಷ್ ಬಲ್ಲವರಿಗೆ ಆರೋಗ್ಯದ ಮಾಹಿತಿ ಬೇಕಾದಷ್ಟಿದೆ. ಕನ್ನಡ ಮಾತ್ರ ಬಲ್ಲ ತಾಯಂದಿರಿಗೂ ಅಷ್ಟೇ ನಂಬಿಕೆಯ ಮಾಹಿತಿ ಸಿಗಬೇಕು. ನಿಮ್ಮ ಯುವಕ ಸಂಘದಲ್ಲಿ, ಸ್ವಸಹಾಯ ಸಂಘದಲ್ಲಿ ಬರೆಯಲು ಆಸಕ್ತಿ ಇರುವ ಒಬ್ಬರನ್ನಾದರೂ ಗುರುತಿಸಿ. ವಾರಕ್ಕೆ ಒಂದು ಗಂಟೆ ಅವರ ಜೊತೆ ಕುಳಿತು, ಒಂದೇ ಒಂದು ಲೇಖನವನ್ನು ಸರಿಪಡಿಸಿ ನೋಡಿ.