ಎಲೆಕೋಸಿನ ಕೋಸಂಬರಿ: ಬೆಳೆದವರ ಊಟಕ್ಕೂ ಬರಲಿ



ಗುಂಡ್ಲುಪೇಟೆ, ಚಾಮರಾಜನಗರದ ಸುತ್ತ ಬೆಳೆಯುವ ಎಲೆಕೋಸು ಲಾರಿ ಹತ್ತಿ ಕೇರಳದವರೆಗೂ ಹೋಗುತ್ತದೆ. ಬೆಲೆ ಬಿದ್ದಾಗ ಹೊಲದಲ್ಲೇ ದನಗಳ ಪಾಲಾಗುವುದೂ ಉಂಟು. ನಮ್ಮ ಮನೆಗಳಲ್ಲಿ ಮಾತ್ರ ಅದನ್ನು ಮೆತ್ತಗೆ ಬೇಯಿಸಿ, ನೀರು ಬಸಿದು ಪಲ್ಯ ಮಾಡುವುದೇ ಹೆಚ್ಚು. ಹೀಗೆ ಬಸಿದ ನೀರಿನೊಡನೆ ಅದರ 'ಸಿ' ಜೀವಸತ್ವದ ದೊಡ್ಡ ಪಾಲು ಹರಿದುಹೋಗುತ್ತದೆ. ಹಸಿಯಾಗಿ ತಿನ್ನುವ ಕೋಸಂಬರಿಯಲ್ಲಿ ಈ ನಷ್ಟವಿಲ್ಲ.

ನೂರು ಗ್ರಾಂ ಹಸಿ ಕೋಸಿನಲ್ಲಿ ತೊಂಬತ್ತು ಪಾಲಿಗೂ ಹೆಚ್ಚು ನೀರು, ಸುಮಾರು 2.5 ಗ್ರಾಂ ನಾರು, ಸುಮಾರು 35 ಮಿ.ಗ್ರಾಂ. 'ಸಿ' ಜೀವಸತ್ವ ಇರುತ್ತವೆ. 2020ರ ಭಾರತೀಯ ಶಿಫಾರಸಿನಂತೆ ದಿನಕ್ಕೆ ಗಂಡಸರಿಗೆ 80, ಹೆಂಗಸರಿಗೆ 65 ಮಿ.ಗ್ರಾಂ. ಈ ಜೀವಸತ್ವ ಬೇಕು. ಕಾಲು ಕಿಲೋ ಕೋಸನ್ನು ನಾಲ್ವರು ಹಂಚಿಕೊಂಡರೆ ಹೆಣ್ಣುಮಕ್ಕಳ ಅಗತ್ಯದ ಮೂರನೇ ಒಂದು ಪಾಲು ಒದಗಿದಂತಾಯಿತು. ಕೋಸಿನಲ್ಲಿ ಸಸಾರಜನಕ ಕಡಿಮೆ. ಆ ಕೊರತೆ ತುಂಬಲು 50 ಗ್ರಾಂ ಹೆಸರುಬೇಳೆ ನೆನೆಹಾಕಿ ಬೆರೆಸಿದರೆ ಸುಮಾರು 12 ಗ್ರಾಂ ಸಸಾರಜನಕ ಸೇರುತ್ತದೆ.

ಇನ್ನೊಂದು ಲಾಭವಿದೆ. ರಾಗಿಮುದ್ದೆ, ಹುರುಳಿ ಸಾರಿನಲ್ಲಿರುವ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳದು. ಅದೇ ಊಟದೊಡನೆ ಕೋಸು, ನಿಂಬೆರಸಗಳ 'ಸಿ' ಜೀವಸತ್ವ ಹೊಟ್ಟೆಗೆ ಹೋದರೆ ಹೀರಿಕೆ ಹೆಚ್ಚುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಅರ್ಧದ ಹತ್ತಿರದಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಆದ್ದರಿಂದ ಇದು ಸಣ್ಣ ಮಾತಲ್ಲ. ಕಾಫಿ ಬೆಳೆಯುವ ನಾವೇ ಹೇಳಬೇಕಾದ ಮಾತೂ ಒಂದಿದೆ: ಊಟದ ಜೊತೆಗೆ ಕುಡಿದ ಕಾಫಿ ಕಬ್ಬಿಣಾಂಶದ ಹೀರಿಕೆಯನ್ನು ತಗ್ಗಿಸುತ್ತದೆ. ಊಟವಾದ ಒಂದು ಗಂಟೆಯ ಮೇಲೆ ಕುಡಿಯುವುದು ಲೇಸು.

ಮಾಡುವ ಕ್ರಮ: ಮೇಲಿನ ಎರಡು ಮೂರು ಎಲೆ ತೆಗೆದುಹಾಕಿ. ಔಷಧಿಯ ಶೇಷ ಹೆಚ್ಚಾಗಿ ಉಳಿಯುವುದು ಅಲ್ಲೇ. ಒಳ ಎಲೆಗಳನ್ನು ಬಿಡಿಸಿ ಉಪ್ಪುನೀರಿನಲ್ಲಿ ಹತ್ತು ನಿಮಿಷ ಇಟ್ಟು, ಚೆನ್ನಾಗಿ ತೊಳೆದ ನಂತರವೇ ಸಣ್ಣಗೆ ಹೆಚ್ಚಿರಿ. ಹೆಚ್ಚಿದ ಮೇಲೆ ನೆನೆಸಬೇಡಿ. ನೆನೆದ ಬೇಳೆ, ಕ್ಯಾರೆಟ್ ತುರಿ, ತೆಂಗಿನತುರಿ, ಕೊತ್ತಂಬರಿ ಬೆರೆಸಿ ಸಾಸಿವೆ ಒಗ್ಗರಣೆ ಕೊಡಿ. ಉಪ್ಪು, ನಿಂಬೆರಸ ಬಡಿಸುವಾಗ ಹಾಕಿದರೆ ನೀರು ಬಿಡದು.

ಥೈರಾಯ್ಡ್ ತೊಂದರೆ ಇರುವವರು ಹಸಿ ಕೋಸನ್ನು ಮಿತವಾಗಿ ತಿನ್ನಬೇಕು. ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ನುಂಗುವವರು ವೈದ್ಯರನ್ನು ಕೇಳಬೇಕು.

ಔಷಧಿ ಹೊಡೆದ ಕೋಸನ್ನು ಡಬ್ಬಿಯ ಮೇಲೆ ಬರೆದಷ್ಟು ದಿನ ಕಳೆಯದೆ ಕೀಳಬಾರದು. ಮಾರಾಟದ ಕೋಸಿಗೂ ಮನೆಯ ಕೋಸಿಗೂ ಈ ನಿಯಮ ಒಂದೇ. ತೋಟದ ಹಿತ್ತಲಲ್ಲಿ ಒಂದೆರಡು ಸಾಲು ಕೋಸನ್ನು ಮನೆಮಂದಿಗೆಂದೇ ಬೆಳೆದುಕೊಳ್ಳಿರೆಂದು ನಮ್ಮ ಕೋರಿಕೆ.